ಕಾಫಿ ತೋಟದ ನಡಿಗೆಗೆ ಕೊಡಗೋ, ಚಿಕ್ಕಮಗಳೂರೋ, ಸಕಲೇಶಪುರವೋ?

ನಾನು ಮೊದಲ ಸಲ ಕಾಫಿ ತೋಟ ನೋಡಲು ಹೋದದ್ದು ಆಗಸ್ಟ್‌ನಲ್ಲಿ. ಕೆಂಪು ಹಣ್ಣಿನ ಗೊಂಚಲು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಬಿಡಿಸುವ ಹೆಂಗಸರು, ಕಣದ ತುಂಬ ಹರಡಿದ ಬೀಜ, ಇಷ್ಟನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಸಿಕ್ಕಿದ್ದು ಹಸಿರು ಕಾಯಿ, ಬಿಡದ ಮಳೆ, ಕಾಲ್ಬೆರಳ ಸಂದಿಯಲ್ಲಿ ಇಂಬಳ. ಜೊತೆಗೆ ಬಂದ ಹುಡುಗ ಮೂರು ಗಿಡ ತೋರಿಸಿದ. "ಇದು ಅರೇಬಿಕಾ, ಇದು ರೋಬಸ್ಟಾ, ಇದು ಮೆಣಸಿನ ಬಳ್ಳಿ" ಅಂದ. ಮೊದಲಿನ ಎರಡು ಕಾಫಿಯ ಜಾತಿಗಳು. ಇಪ್ಪತ್ತು ನಿಮಿಷಕ್ಕೆ ವಾಪಸ್ ಕರೆತಂದ. ತುಂಬ ಬೇಜಾರಾಗಿತ್ತು.

ಅದೇ ತೋಟಕ್ಕೆ ಮುಂದಿನ ಜನವರಿಯಲ್ಲಿ ಮತ್ತೆ ಹೋದೆ. ಈ ಸಲ ತೋಟದ ರೈಟರು, ಅಂದರೆ ಕೆಲಸ, ಲೆಕ್ಕ ನೋಡಿಕೊಳ್ಳುವವರು, ಜೊತೆಗೆ ಬಂದರು. ಮೂವತ್ತು ವರ್ಷ ಅದೇ ತೋಟದಲ್ಲಿ ಕೆಲಸ ಮಾಡಿದವರು. ಒಂದು ಗಿಡದ ಕಾಂಡ ತಟ್ಟಿ, ಒಳಗೆ ಕಾಂಡ ಕೊರೆಯುವ ಬೋರರ್ ಹುಳ ಸೇರಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಅಂತ ತೋರಿಸಿದರು. ಹಲಸಿನ ಮರದ ನೆರಳು ಎಷ್ಟಿರಬೇಕು, ಸಿಲ್ವರ್ ಓಕ್ ಯಾಕೆ ನೆಡುತ್ತಾರೆ, ಯಾವ ಹಣ್ಣನ್ನು ಇನ್ನೂ ಎರಡು ದಿನ ಗಿಡದಲ್ಲೇ ಬಿಡಬೇಕು, ಎಲ್ಲ ಹೇಳುತ್ತಾ ನಡೆದರು. ಮೂರು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ತೋಟ ಅದೇ, ದಾರಿಯೂ ಅದೇ. ಬದಲಾಗಿದ್ದು ತಿಂಗಳು ಮತ್ತು ಜೊತೆಗೆ ನಡೆದವರು. ಅದಕ್ಕೇ ಈಗ ಯಾರಾದರೂ "ಕೊಡಗಿಗೆ ಹೋಗೋಣವಾ, ಚಿಕ್ಕಮಗಳೂರಿಗೆ ಹೋಗೋಣವಾ" ಅಂತ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ತಿಂಗಳು? ತೋಟದಲ್ಲಿ ನಿಮ್ಮ ಜೊತೆ ನಡೆಯುವವರು ಯಾರು? ಈ ಎರಡು ತಿಳಿದರೆ ಊರು ಆರಿಸುವುದು ಸುಲಭ.

ನಡಿಗೆ ಅಂದರೆ ಯಾವ ನಡಿಗೆ?

ಹೋಂಸ್ಟೇ ಬೋರ್ಡುಗಳಲ್ಲಿ "ಪ್ಲಾಂಟೇಷನ್ ವಾಕ್", "ಎಸ್ಟೇಟ್ ಟ್ರೆಕ್" ಅಂತೆಲ್ಲ ಬರೆದಿರುತ್ತಾರೆ. ಈ ಹೆಸರುಗಳ ಹಿಂದೆ ಮೂರು ಬೇರೆ ಬೇರೆ ವಿಷಯಗಳಿವೆ. ಇವು ಕಲಸಿಹೋಗುವುದರಿಂದಲೇ ಬಹಳ ಜನ ಬೇಸರಪಟ್ಟುಕೊಂಡು ಬರುತ್ತಾರೆ.

ಒಂದು, ಉಳಿದುಕೊಂಡ ಮನೆಯವರ ಸ್ವಂತ ತೋಟದಲ್ಲಿ ಸುತ್ತಾಡುವುದು. ಗಂಟೆ, ಒಂದೂವರೆ ಗಂಟೆಯ ನಡಿಗೆ. ಜೀಪ್ ಹೋಗುವ ಮಣ್ಣುದಾರಿಯಲ್ಲೇ ಹೆಚ್ಚಿನ ಹೊತ್ತು ನಡೆಯುತ್ತೀರಿ. ಏರಿಳಿತ ಕಡಿಮೆ. ಮಾಲೀಕರೋ ರೈಟರೋ ಜೊತೆಗೆ ಬಂದರೆ ಇದರಷ್ಟು ಒಳ್ಳೆಯ ನಡಿಗೆ ಬೇರೆ ಇಲ್ಲ. ಯಾರೂ ಬರದೆ "ಹೀಗೇ ಹೋಗಿ ಹೀಗೇ ಬನ್ನಿ" ಅಂತ ಕಳಿಸಿದರೆ ಹತ್ತು ನಿಮಿಷದಲ್ಲಿ ಎಲ್ಲ ಗಿಡವೂ ಒಂದೇ ಥರ ಕಾಣುತ್ತದೆ.

ಇನ್ನೊಂದು, ದೊಡ್ಡ ಎಸ್ಟೇಟುಗಳು ಶುಲ್ಕ ಪಡೆದು ನಡೆಸುವ ಪ್ರವಾಸ. ಗಿಡ, ಕಣ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಹುರಿಯುವುದು, ಕೊನೆಗೆ ಒಂದು ಲೋಟ ಕಾಫಿ. ಕಾಫಿ ಹೇಗೆ ತಯಾರಾಗುತ್ತದೆ ಅಂತ ತಿಳಿಯುವ ಆಸೆ ಇರುವವರಿಗೆ ಇದು ಸರಿ. ಆದರೆ ನಡೆಯುವುದು ತೀರಾ ಕಡಿಮೆ. ರಜೆಯ ದಿನ ಗುಂಪೂ ಜಾಸ್ತಿ. ಹಿಂದೆ ನಿಂತವರಿಗೆ ಏನೂ ಕೇಳಿಸುವುದಿಲ್ಲ.

ಮೂರನೆಯದು ಬೆಟ್ಟ ಹತ್ತುವುದು. ಕೊಡಗಿನ ತಡಿಯಂಡಮೋಳ್ ಬೆಟ್ಟ ಇದಕ್ಕೆ ಒಳ್ಳೆಯ ಉದಾಹರಣೆ. ಕಕ್ಕಬ್ಬೆಯ ಕಡೆಯಿಂದ ನಾಲ್ಕುನಾಡು ಅರಮನೆ ದಾಟಿ ಹತ್ತುವಾಗ ಕಾಫಿ, ಏಲಕ್ಕಿ ಎಲ್ಲ ಸಿಗುತ್ತದೆ. ಆದರೆ ಅದು ಬುಡದಲ್ಲಿ ಮಾತ್ರ. ಆಮೇಲೆ ಕಾಡು, ಅದರ ಮೇಲೆ ಹುಲ್ಲುಗಾವಲು. 1,748 ಮೀಟರಿನ ತುದಿ ಮುಟ್ಟುವಷ್ಟರಲ್ಲಿ ಕಾಫಿಯ ನೆನಪೇ ಇರುವುದಿಲ್ಲ. ಇದು ಚಾರಣ, ತೋಟದ ನಡಿಗೆ ಅಲ್ಲ. ಅಮ್ಮನನ್ನು ಕರೆದುಕೊಂಡು ತೋಟ ನೋಡಲು ಬಂದವರು ಈ ಬೆಟ್ಟದ ಅರ್ಧದಲ್ಲಿ ಕೂತು ಸುಧಾರಿಸಿಕೊಳ್ಳುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಯಾರೋ ಅವರಿಗೆ ಸರಿಯಾಗಿ ಹೇಳಿರಲಿಲ್ಲ.

ಅರಣ್ಯ ಇಲಾಖೆಯ ಕೈಯಲ್ಲಿರುವ ಚಾರಣದ ದಾರಿಗಳಿಗೆ ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ. ಸ್ವಂತ ತೋಟದ ನಡಿಗೆಗೆ ಆ ತಾಪತ್ರಯ ಇಲ್ಲ. ಮಾಲೀಕರ ಒಪ್ಪಿಗೆ ಸಾಕು. ಹಾಗೆಯೇ, ಒಪ್ಪಿಗೆ ಇಲ್ಲದೆ ಯಾವ ತೋಟದ ಗೇಟೂ ದಾಟಬೇಡಿ. ರಸ್ತೆ ಬದಿಯಲ್ಲಿ ಬೇಲಿ ಇಲ್ಲದ ಕಡೆ ಇಳಿದು ಫೋಟೋ ತೆಗೆಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಅದು ಒಬ್ಬರ ಮನೆಯ ಅಂಗಳ ಇದ್ದ ಹಾಗೆ.

ಮೊದಲು ತಿಂಗಳು, ಆಮೇಲೆ ಊರು

ಕಾಫಿ ಗಿಡಕ್ಕೆ ತನ್ನದೇ ಲೆಕ್ಕ ಇದೆ. ಬೇಸಿಗೆಯ ಒಣ ದಿನಗಳಲ್ಲಿ ಮೊಗ್ಗು ಕಟ್ಟಿಕೊಂಡು ಸುಮ್ನೆ ಕಾಯುತ್ತಿರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಒಂದು ಒಳ್ಳೆಯ ಮಳೆ ಬೀಳಬೇಕು. ಬೆಳೆಗಾರರು ಇದನ್ನು ಹೂಮಳೆ ಅನ್ನುತ್ತಾರೆ. ಒಂದು ಇಂಚಿನಷ್ಟು ಬಿದ್ದರೆ ಸಾಕು. ಎಂಟು ಹತ್ತು ದಿನಕ್ಕೆ ಇಡೀ ತೋಟ ಒಂದೇ ಸಲ ಅರಳುತ್ತದೆ. ಕೊಂಬೆ ಕೊಂಬೆಗೂ ಬಿಳಿ ಹೂವು ಪೋಣಿಸಿಟ್ಟ ಹಾಗೆ. ವಾಸನೆ ಮಲ್ಲಿಗೆಯನ್ನು ಹೋಲುತ್ತದೆ, ಆದರೆ ಅದಕ್ಕಿಂತ ಸ್ವಲ್ಪ ತೆಳು. ರಾತ್ರಿ ಕಿಟಕಿ ತೆಗೆದಿಟ್ಟರೆ ಮಲಗಿದಲ್ಲಿಗೇ ಬರುತ್ತದೆ. ಎರಡು ಮೂರು ದಿನ ಅಷ್ಟೇ. ಆಮೇಲೆ ಹೂವು ಕಂದು ಬಣ್ಣಕ್ಕೆ ತಿರುಗಿ ಬಾಡುತ್ತದೆ.

ಹಾಗಾಗಿ ಹೂವು ನೋಡಬೇಕು ಅಂತ ತಿಂಗಳ ಮೊದಲೇ ರೂಮು ಕಾದಿರಿಸಿದರೆ ಹೂವು ಸಿಗುವುದು ಅದೃಷ್ಟ. ತೋಟದವರ ಹತ್ತಿರ ಮಾತಾಡಿಟ್ಟುಕೊಳ್ಳಬೇಕು. ಮಳೆ ಬಿದ್ದ ದಿನ ಅವರು ತಿಳಿಸಬೇಕು, ನೀವು ದಿನ ಎಣಿಸಿ ಹೊರಡಬೇಕು. ರೋಬಸ್ಟಾ ತೋಟಗಳಲ್ಲಿ ಇನ್ನೊಂದು ಅನುಕೂಲ ಇದೆ. ನೀರಿರುವವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುತ್ತಾರೆ. ನೀರು ಕೊಟ್ಟ ದಿನ ಗೊತ್ತಿದ್ದರೆ ಅರಳುವ ದಿನವೂ ಹೆಚ್ಚುಕಡಿಮೆ ಗೊತ್ತಾಗುತ್ತದೆ. ದಕ್ಷಿಣ ಕೊಡಗಿನಲ್ಲಿ ಹೂವು ಸಿಗುವ ಸಾಧ್ಯತೆ ಜಾಸ್ತಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನೂ ಒಂದು ವ್ಯತ್ಯಾಸ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಗಾಳಿ ಬರಬೇಕು, ಜೇನು ಬರಬೇಕು. ಹೂವಿನ ದಿನ ಬೆಳಿಗ್ಗೆ ರೋಬಸ್ಟಾ ತೋಟದೊಳಗೆ ನಿಂತರೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ತೋಟವಿಡೀ ಗುಂಯ್ ಅನ್ನುತ್ತಿರುತ್ತದೆ. ಆ ದಿನ ಹೂವು ಕೀಳಬೇಡಿ, ಗಿಡ ಅಲ್ಲಾಡಿಸಬೇಡಿ. ಒಂದೊಂದು ಹೂವೂ ಒಂದೊಂದು ಹಣ್ಣು.

ಹಣ್ಣಿನ ಕಾಲ ಹೂವಿನಷ್ಟು ಚಂಚಲ ಅಲ್ಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ. ರೋಬಸ್ಟಾ ಹಣ್ಣಾಗಲು ಇನ್ನೂ ಒಂದೆರಡು ತಿಂಗಳು ಜಾಸ್ತಿ ಬೇಕು, ಹಾಗಾಗಿ ಡಿಸೆಂಬರ್ ಕೊನೆಯಿಂದ ಫೆಬ್ರವರಿ, ಮಾರ್ಚ್‌ವರೆಗೂ ಎಳೆಯುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಡಿಸೆಂಬರ್ ಮತ್ತು ಜನವರಿ. ಚಳಿ ಹಿತವಾಗಿರುತ್ತದೆ, ದಾರಿ ಒಣಗಿರುತ್ತದೆ, ತೋಟದಲ್ಲಿ ನೋಡಲು ಕೆಲಸ ನಡೆದಿರುತ್ತದೆ.

ಕೊಯ್ಲಿನ ಕಾಲದಲ್ಲಿ ನಡಿಗೆಯನ್ನು ಬೆಳಿಗ್ಗೆಗಿಂತ ಮಧ್ಯಾಹ್ನ ಮೂರು ಗಂಟೆಯ ನಂತರ ಇಟ್ಟುಕೊಂಡರೆ ಒಳ್ಳೆಯದು. ಬಿಡಿಸಿದ ಹಣ್ಣನ್ನೆಲ್ಲ ಸಂಜೆಯ ಹೊತ್ತಿಗೆ ತಂದು ತೂಕ ಹಾಕುತ್ತಾರೆ. ಅರೇಬಿಕಾ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕಬೇಕು, ಇಟ್ಟರೆ ಹುಳಿ ಬರುತ್ತದೆ. ಸಿಪ್ಪೆ ಒಂದು ಕಡೆ, ಅಂಟಂಟಾದ ಬೀಜ ಒಂದು ಕಡೆ ಬೀಳುವುದನ್ನು ನೋಡುವಾಗ ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. ಆ ಬೀಜವನ್ನು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಒಣಗಿಸಿದರೆ ಚೆರ್ರಿ. ರೋಬಸ್ಟಾವನ್ನು ಹೆಚ್ಚಾಗಿ ಚೆರ್ರಿ ಮಾಡುತ್ತಾರೆ. ನಾವು ಕೊಳ್ಳುವ ಒಂದು ಕೆ.ಜಿ. ಬೀಜದ ಹಿಂದೆ ಸುಮಾರು 6 ಕೆ.ಜಿ. ಹಣ್ಣು ಇರುತ್ತದೆ. ತೂಕದ ತಕ್ಕಡಿಯ ಪಕ್ಕ ನಿಂತಾಗ ಈ ಲೆಕ್ಕ ಬೇರೆಯೇ ಥರ ಅರ್ಥವಾಗುತ್ತದೆ.

ಒಂದು ಮಾತು. ಕೊಯ್ಲಿನಲ್ಲಿ ಬಹಳ ತೋಟಗಳಲ್ಲಿ ಬಿಡಿಸಿದ ಹಣ್ಣಿನ ಕೆ.ಜಿ. ಲೆಕ್ಕದಲ್ಲಿ ಕೂಲಿ. ನಾವು ಅವರನ್ನು ನಿಲ್ಲಿಸಿ ಮಾತಾಡಿಸಿದಷ್ಟು ಹೊತ್ತೂ ಅವರ ದುಡ್ಡು ಹೋಗುತ್ತದೆ. ಫೋಟೋ ಬೇಕಾದರೆ ಕೇಳಿ ತೆಗೆಯಿರಿ, ಬೇಡ ಅಂದರೆ ಬಿಡಿ. ಊಟದ ಹೊತ್ತಿಗೆ ಅವರಾಗಿಯೇ ಮಾತಾಡುತ್ತಾರೆ. ಅಸ್ಸಾಂನಿಂದ ಬಂದವರೂ ಇರುತ್ತಾರೆ, ಉತ್ತರ ಕರ್ನಾಟಕದಿಂದ ಬಂದವರೂ ಇರುತ್ತಾರೆ. ಅವರ ಊರಿನ ಕಥೆ ಕೇಳುತ್ತಾ ನಾನು ಎಷ್ಟೋ ಸಲ ನಡಿಗೆಯನ್ನೇ ಮರೆತಿದ್ದೇನೆ.

ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನ ಕೊಯ್ಲೂ ಇರುತ್ತದೆ. ಎತ್ತರದ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಅದರ ಮೇಲೆ ನಿಂತು ಮೆಣಸಿನ ಗೊಂಚಲು ಬಿಡಿಸುವುದನ್ನು ಕೆಳಗಿನಿಂದ ನೋಡುವಾಗ ಎದೆ ಝಲ್ ಅನ್ನುತ್ತದೆ.

ಏಪ್ರಿಲ್ ಕೊನೆ ಮತ್ತು ಮೇ ತಿಂಗಳಿಗೆ ನನ್ನ ಶಿಫಾರಸು ಇಲ್ಲ. ಮಕ್ಕಳಿಗೆ ರಜೆ ಇರುವುದು ಆಗಲೇ, ಗೊತ್ತು. ಆದರೆ ಹೂವು ಮುಗಿದಿರುತ್ತದೆ, ಕಾಯಿ ಮೆಣಸಿನ ಕಾಳಿನಷ್ಟೂ ಇರುವುದಿಲ್ಲ. ಸೆಕೆ ಬೇರೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸವೂ ಇರುತ್ತದೆ. ಎಲೆಯ ಮೇಲೆ ನೀಲಿ ಬಿಳುಪು ಕಲೆ ಕಂಡರೆ ಮಕ್ಕಳಿಗೆ ಮುಟ್ಟಬೇಡ ಅನ್ನಿ.

ಮಳೆಗಾಲದ ಬಗ್ಗೆ ನನ್ನ ಅಭಿಪ್ರಾಯ ಮೊದಲಿಗಿಂತ ಬದಲಾಗಿದೆ. ಬೆಟ್ಟ ಹತ್ತುವುದು ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು ಯಾರೂ ಮರೆತಿಲ್ಲ. ಆದರೆ ಮನೆಯ ಹತ್ತಿರದ ತೋಟದಲ್ಲಿ, ಎರಡು ಮಳೆಯ ನಡುವೆ ಸಿಗುವ ಅರ್ಧ ಗಂಟೆ ನಡೆಯುವುದರಲ್ಲಿ ಬೇರೆ ಸುಖ ಇದೆ. ಮರದ ಕಾಂಡಕ್ಕೆಲ್ಲ ಪಾಚಿ, ಜರಿಗಿಡ. ಎಲೆಯಿಂದ ಎಲೆಗೆ ನೀರು ಬೀಳುವ ಸದ್ದು. ಏನನ್ನೂ ನೋಡಲೇಬೇಕು ಅಂತ ಇಲ್ಲದವರಿಗೆ ಇದು ಸರಿ. ಚಿಕ್ಕ ಮಕ್ಕಳು, ಮಂಡಿ ನೋವಿರುವ ಹಿರಿಯರು ಇದ್ದರೆ ಬೇಡ.

ಚಿಕ್ಕಮಗಳೂರು

ಬಾಬಾ ಬುಡನ್ ಅವರು 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿನ ಬಾಬಾ ಬುಡನ್ ಗಿರಿಯಲ್ಲಿ ಬಿತ್ತಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಆ ಗಿರಿಯ ಇಳಿಜಾರಿನಲ್ಲೇ ನಡೆಯುವಾಗ ಆ ಕಥೆಗೆ ಮೈ ಬರುತ್ತದೆ. ಇಲ್ಲಿ 1,000 ಮೀಟರಿಗಿಂತ ಮೇಲಿನ ಎತ್ತರದ ತೋಟಗಳಲ್ಲಿ ಅರೇಬಿಕಾ. ಭುಜದ ಎತ್ತರಕ್ಕೆ ಕತ್ತರಿಸಿ ಬೆಳೆಸಿದ ಗಿಡ, ಸಣ್ಣ ಹೊಳೆಯುವ ಎಲೆ. ಗಿಡ ಗಿಡ್ಡ ಇರುವುದರಿಂದ ಅದರ ಮೇಲಿನಿಂದ ಕಣಿವೆ ಕಾಣುತ್ತದೆ. ನಡೆಯುತ್ತಾ ನೋಟ ಬೇಕು ಅನ್ನುವವರಿಗೆ ಮೂರೂ ಕಡೆಗಳಲ್ಲಿ ಇದೇ ಮೇಲು.

ಆದರೆ ಇಳಿಜಾರು ಕಡಿದು. ಸಿಲ್ವರ್ ಓಕ್‌ನ ಒಣ ಎಲೆ ದಾರಿಯಲ್ಲಿ ಬಿದ್ದಿದ್ದರೆ ಮಳೆ ಇಲ್ಲದಿದ್ದರೂ ಕಾಲು ಜಾರುತ್ತದೆ. ಒಳ್ಳೆಯ ಹಿಡಿತದ ಶೂ ಬೇಕು, ಒಂದು ಕೋಲೂ ಇದ್ದರೆ ಚೆನ್ನ.

ಚಿಕ್ಕಮಗಳೂರಿನ ದೊಡ್ಡ ತೊಂದರೆ ಶನಿವಾರ, ಭಾನುವಾರ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇಲ್ಲಿದೆ, 1,930 ಮೀಟರ್. ಅದನ್ನು ನೋಡಲು ಬರುವ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ನಡೆಯುವ ಸಮಯ ರಸ್ತೆಯಲ್ಲೇ ಹೋಗುತ್ತದೆ. ಗಿರಿಯ ಕಡೆ ಹೋಗುವ ವಾಹನಗಳಿಗೆ ಇರುವ ನಿಯಮವನ್ನು ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ನನ್ನ ಸಲಹೆ, ವಾರದ ನಡುವೆ ಹೋಗಿ. ಅದು ಆಗುವುದಿಲ್ಲ ಅಂದರೆ ಗಿರಿಯ ಬದಿ ಬಿಟ್ಟು ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟ ಹುಡುಕಿ.

ಬಾಳೆಹೊನ್ನೂರು ಅಂದಾಗ ಹೇಳಲೇಬೇಕು. ದೇಶದ ಕೇಂದ್ರ ಕಾಫಿ ಸಂಶೋಧನಾ ಕೇಂದ್ರ ಇರುವುದು ಅಲ್ಲಿ. 1925ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಇದ್ದಾಗ ಶುರುವಾದದ್ದು. ನೀವು ನಡೆಯುವ ತೋಟದಲ್ಲಿ "ಇದು ಯಾವ ತಳಿ" ಅಂತ ಕೇಳಿ ನೋಡಿ. "ಎಸ್ 795" ಅಂತಲೋ "ಚಂದ್ರಗಿರಿ" ಅಂತಲೋ ಹೇಳಿದರೆ, ಅದು ಅಲ್ಲಿನ ಸಂಶೋಧನೆಯಿಂದ ಬಂದ ಗಿಡ. ಎಲೆ ತುಕ್ಕು ರೋಗ ತಡೆಯುವ ತಳಿ ಬೇಕಾಗಿತ್ತು, ಅದಕ್ಕಾಗಿ ತಲೆಮಾರುಗಳು ದುಡಿದಿದ್ದಾರೆ. ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ ಬೋರ್ಡಿನ ವಸ್ತು ಸಂಗ್ರಹಾಲಯವೂ ಇದೆ. ನಡಿಗೆಯ ಮುಂಚೆ ಅಲ್ಲಿ ಒಂದು ಗಂಟೆ ಕಳೆದರೆ ತೋಟದಲ್ಲಿ ಕೇಳಲು ಪ್ರಶ್ನೆಗಳು ತಾನಾಗಿ ಹುಟ್ಟುತ್ತವೆ.

ಕೊಡಗು

ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಅದರಲ್ಲಿ ಹೆಚ್ಚು ಬೆಳೆಯುವ ಜಿಲ್ಲೆ ಕೊಡಗು. ಆದರೆ ಕೊಡಗು ಅಂತ ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಮಡಿಕೇರಿ, ಮಾದಾಪುರ, ಸೋಮವಾರಪೇಟೆ ಕಡೆ ಏರಿಳಿತದ ಜಾಗ, ಅರೇಬಿಕಾ ಇದೆ, ಚಳಿ ಇದೆ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ಗೋಣಿಕೊಪ್ಪಲು ಕಡೆ ರೋಬಸ್ಟಾ. ನೆಲ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಗಿಡ ಎತ್ತರ, ಎಲೆ ದೊಡ್ಡದು, ಸುಕ್ಕು ಸುಕ್ಕು. ಅದರ ನಡುವೆ ನಡೆದರೆ ಕಣಿವೆ ಕಾಣುವುದಿಲ್ಲ, ಹಸಿರು ಗೋಡೆಯ ನಡುವೆ ಹೋದ ಹಾಗೆ ಇರುತ್ತದೆ. ಮೊದಲ ಸಲ ನನಗೆ ಇದು ಸಪ್ಪೆ ಅನ್ನಿಸಿತ್ತು. ಆಮೇಲೆ ತಲೆ ಎತ್ತಿ ನೋಡುವುದು ಕಲಿತೆ.

ಮೇಲೆ ಬೀಟೆ, ಮತ್ತಿ, ನಂದಿ, ಅತ್ತಿ, ಹಲಸು. ಕಾಡು ಕಡಿಯದೆ ಅದರ ನೆರಳಲ್ಲೇ ಕಾಫಿ ನೆಟ್ಟ ತೋಟಗಳು ಇನ್ನೂ ಉಳಿದಿವೆ. ಅತ್ತಿ ಹಣ್ಣಾದಾಗ ಮಂಗಟ್ಟೆ ಹಕ್ಕಿ ಬರುತ್ತದೆ. ಅದರ ರೆಕ್ಕೆ ಬಡಿತ ಕೆಳಗೆ ನಿಂತವರಿಗೆ ಕೇಳುತ್ತದೆ. ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ಹಕ್ಕಿ ನೋಡುವ ಹವ್ಯಾಸ ಇದ್ದರೆ ಮೂರು ಊರುಗಳಲ್ಲಿ ಆರಿಸುವ ಮಾತೇ ಇಲ್ಲ, ಇಲ್ಲಿಗೇ ಬನ್ನಿ. ಇಲ್ಲಿ ಒಂದು ದಿನ ಸಾಲದು. ಎರಡು ರಾತ್ರಿ ಉಳಿದರೆ ಮೂರನೇ ಬೆಳಿಗ್ಗೆ ತೋಟ ತನ್ನನ್ನು ತೋರಿಸಿಕೊಳ್ಳುತ್ತದೆ.

ನೆಲ ಸಮ ಇರುವುದರಿಂದ ವಯಸ್ಸಾದವರ ಜೊತೆ ಹೋಗಲೂ ದಕ್ಷಿಣ ಕೊಡಗೇ ಸರಿ. ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ. ಚಿಕ್ಕಮಗಳೂರಿನಲ್ಲಿ ಅರ್ಧ ದಾರಿಗೇ "ನೀವು ಹೋಗಿ ಬನ್ನಿ" ಅಂದವರು, ಪಾಲಿಬೆಟ್ಟದ ಹತ್ತಿರ ಒಂದೂವರೆ ಗಂಟೆ ನಮ್ಮ ಮುಂದೆಯೇ ನಡೆದರು. ಹೋಂಸ್ಟೇ ಇಲ್ಲಿ ಬಹಳ ವರ್ಷಗಳಿಂದ ನಡೆದುಬಂದಿದೆ. ಮನೆಯವರೇ ಬಡಿಸಿ, ಮನೆಯವರೇ ತೋಟ ತೋರಿಸುವ ಕಡೆ ಸಿಕ್ಕರೆ ಬಿಡಬೇಡಿ. ದಾರಿಯಲ್ಲಿ ದೇವರಕಾಡು ಸಿಕ್ಕರೆ ಹೊರಗೇ ನಿಲ್ಲಿ. ಒಳಗೆ ಹೋಗಬಹುದೋ ಇಲ್ಲವೋ ಊರಿನವರನ್ನು ಕೇಳಿ.

ಕೊರತೆ ಅಂದರೆ ದಾರಿ. ಕೊಡಗಿಗೆ ರೈಲು ಇಲ್ಲ. ಬೆಂಗಳೂರಿನಿಂದ ಮಡಿಕೇರಿ ಸುಮಾರು 260 ಕಿ.ಮೀ. ಒಂದು ದಿನದ ರಜೆಗೆ ಇದು ಹೇಳಿದ್ದಲ್ಲ.

ಸಕಲೇಶಪುರ

ರೈಲಿನಲ್ಲಿ ಹೋಗಿ ಇಳಿಯಬಹುದು. ಬೆಂಗಳೂರಿನಿಂದ ರಸ್ತೆಯಲ್ಲಿ 220 ಕಿ.ಮೀ. ಆಸುಪಾಸು. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮನೆ ಸೇರುವವರಿಗೆ ಮೂರರಲ್ಲಿ ಇದೇ ಹಗುರ. ಅರೇಬಿಕಾ, ರೋಬಸ್ಟಾ ಎರಡೂ ಇವೆ, ಏಲಕ್ಕಿ ಇದೆ. ತೋಟಗಳ ನಡುವೆ ಗದ್ದೆ, ಹಳ್ಳ ಬರುವುದರಿಂದ ನಡೆಯುವಾಗ ಬೇಸರವಾಗುವುದಿಲ್ಲ. ಮನೆಯವರೇ ನೋಡಿಕೊಳ್ಳುವ ಚಿಕ್ಕ ತೋಟಗಳು ಸಿಗುತ್ತವೆ, ಮಾತು ಬೇಗ ಬೆಳೆಯುತ್ತದೆ.

ಮಂಜರಾಬಾದ್ ಕೋಟೆ, ಬೆಟ್ಟದ ಭೈರವೇಶ್ವರ ದೇವಸ್ಥಾನ ಇವನ್ನು ತೋಟದ ನಡಿಗೆಯ ಜೊತೆ ಸೇರಿಸಿಕೊಳ್ಳಬಹುದು. 1792ರಲ್ಲಿ ಟಿಪ್ಪು ಕಟ್ಟಿಸಿದ ಆ ನಕ್ಷತ್ರದ ಆಕಾರದ ಕೋಟೆಯನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ. ಘಾಟಿಯ ರೈಲು ಹಳಿಯ ಮೇಲಿನ ಚಾರಣದ ಬಗ್ಗೆ ಈಗಲೂ ಜನ ಕೇಳುತ್ತಾರೆ. ಅದಕ್ಕೆ ನಿಷೇಧ ಇದೆ, ಹೋಗಬೇಡಿ. ಯಾರಾದರೂ ಕರೆದುಕೊಂಡು ಹೋಗುತ್ತೇವೆ ಅಂದರೂ ಬೇಡ ಅನ್ನಿ.

ಆನೆಯ ವಿಷಯ

ಇದನ್ನು ಚುಟುಕಾಗಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ದಕ್ಷಿಣ ಕೊಡಗು ಮತ್ತು ಸಕಲೇಶಪುರ, ಆಲೂರು ಭಾಗದ ತೋಟಗಳಲ್ಲಿ ಆನೆ ಓಡಾಡುತ್ತದೆ. ಬರೀ ದಾಟಿಹೋಗುವುದಲ್ಲ, ಎಷ್ಟೋ ಆನೆಗಳು ತೋಟದೊಳಗೇ ಇರುತ್ತವೆ. ಹಗಲಿನಲ್ಲಿ ಗಿಡಗಳ ನಡುವೆ ನಿಂತ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಹಲಸಿನ ಕಾಲದಲ್ಲಿ ಓಡಾಟ ಇನ್ನೂ ಜಾಸ್ತಿ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಆನೆಗೆ ಸಿಕ್ಕಿ ಪ್ರಾಣ ಕಳೆದುಕೊಂಡಿದ್ದಾರೆ. ಅಲ್ಲಿ ಬದುಕುವವರಿಗೆ ಇದು ದಿನದಿನದ ಭಯ. ನಾವು ಎರಡು ದಿನಕ್ಕೆ ಹೋಗಿ ಅದನ್ನು ಹಗುರ ಮಾಡಬಾರದು.

ಹಾಗಂತ ಹೋಗಲೇಬಾರದು ಅಂತಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಸಂಜೆ ಕತ್ತಲಾಗುವ ಮುಂಚೆ ಮನೆ ಸೇರಿ. ತೋಟದವರು ಇಲ್ಲದೆ ಒಂದು ಹೆಜ್ಜೆಯೂ ಬೇಡ. ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಡಿ. ಮನೆಯ ನಾಯಿ ಹಿಂದೆ ಬಂದರೆ ಕಟ್ಟಿಹಾಕಿಸಿ. ಆನೆ ಕಂಡ ನಾಯಿ ಬೊಗಳಿ ಅದನ್ನು ಕೆರಳಿಸಿ, ಆಮೇಲೆ ಓಡಿ ಬರುವುದು ನಿಮ್ಮ ಹತ್ತಿರಕ್ಕೇ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಇದೆ. ತೋಟದವರು ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೋಡುತ್ತಾರೆ.

ಒಮ್ಮೆ ಸಕಲೇಶಪುರದ ಒಂದು ಮನೆಯಲ್ಲಿ ಬೆಳಿಗ್ಗೆ ಶೂ ಕಟ್ಟಿಕೊಂಡು ತಯಾರಾಗಿ ನಿಂತಿದ್ದೆವು. ಮನೆಯ ಯಜಮಾನರು ಬಂದು, "ಇವತ್ತು ಬೇಡ ಕಣಮ್ಮ, ಕೆಳಗಿನ ಬ್ಲಾಕಿನಲ್ಲಿ ಹಿಂಡು ನಿಂತಿದೆ" ಅಂದರು. ನಮ್ಮ ಜೊತೆ ಬಂದವರು ಸ್ವಲ್ಪ ಗೊಣಗಿದರು. ಆದರೂ ಯಜಮಾನರು ಬಿಡಲಿಲ್ಲ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ಹಸಿ ಬೀಜ ತಂದು ಬಾಣಲೆಯಲ್ಲಿ ಹುರಿದು ತೋರಿಸಿದರು. ನಡಿಗೆ ಬೇಡ ಅನ್ನುವ ಧೈರ್ಯ ಇರುವ ಇಂಥವರ ತೋಟಕ್ಕೇ ಹೋಗಬೇಕು. "ಏನೂ ಆಗಲ್ಲ ಬನ್ನಿ" ಅನ್ನುವವರ ತೋಟ ಎಷ್ಟು ಚೆನ್ನಾಗಿದ್ದರೂ ನನಗೆ ಬೇಡ.

ಕಾದಿರಿಸುವ ಮುಂಚೆ ಫೋನಿನಲ್ಲಿ

ನಡಿಗೆ ಎಷ್ಟು ಕಿ.ಮೀ., ಏರು ಎಷ್ಟು ಅಂತ ಮೊದಲು ಕೇಳಿ. "ಸ್ವಲ್ಪ ದೂರ" ಅನ್ನುವ ಉತ್ತರಕ್ಕೆ ಒಪ್ಪಬೇಡಿ. ತೋಟದವರಿಗೆ ಸ್ವಲ್ಪ ಅನ್ನಿಸುವುದು ಪೇಟೆಯ ಕಾಲಿಗೆ ಜಾಸ್ತಿ. ಜೊತೆಗೆ ಬರುವವರು ಯಾರು, ಎಷ್ಟು ವರ್ಷದಿಂದ ಆ ತೋಟದಲ್ಲಿದ್ದಾರೆ ಅಂತ ಕೇಳಿ. ಈಗ ತೋಟದಲ್ಲಿ ಏನು ಕೆಲಸ ನಡೆಯುತ್ತಿದೆ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಅವರು ಬೆಳೆಗಾರರೋ, ಬರೀ ರೂಮು ಬಾಡಿಗೆಗೆ ಕೊಡುವವರೋ ಗೊತ್ತಾಗಿಬಿಡುತ್ತದೆ. ಬೆಳೆಗಾರರಾದರೆ ಮಳೆ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಬಿತ್ತು ಅನ್ನುವಲ್ಲಿಂದ ಶುರು ಮಾಡುತ್ತಾರೆ. ಕೊಯ್ಲಿನ ಕಾಲವಾದರೆ ಪಲ್ಪರ್ ಯಾವ ಹೊತ್ತಿಗೆ ಓಡುತ್ತದೆ ಅಂತಲೂ ಕೇಳಿ. ಇಂಬಳದ ಕಾಲವಾದರೆ ಮಂಡಿವರೆಗಿನ ಕಾಲುಚೀಲ ಒಯ್ಯಿರಿ, ಹತ್ತಿದರೆ ಎಳೆದು ಕೀಳಬೇಡಿ, ಉಪ್ಪು ಹಾಕಿ.

ಇಷ್ಟೆಲ್ಲ ಹೇಳಿದ ಮೇಲೂ "ನೀವು ಒಂದು ಹೇಳಿ" ಅಂತ ಕೇಳುತ್ತಾರೆ. ಹೇಳುತ್ತೇನೆ. ಜೀವನದಲ್ಲಿ ಮೊದಲ ಸಲವಾದರೆ, ಕಾಲು ಗಟ್ಟಿ ಇದ್ದರೆ, ಡಿಸೆಂಬರ್‌ನಲ್ಲಿ ವಾರದ ನಡುವೆ ಚಿಕ್ಕಮಗಳೂರು. ಹಣ್ಣು, ಪಲ್ಪರ್, ಕಣ, ಕಣಿವೆ, ಎಲ್ಲ ಒಂದೇ ನಡಿಗೆಯಲ್ಲಿ ಸಿಗುತ್ತದೆ. ಎರಡೇ ದಿನ ರಜೆ, ಪುಟ್ಟ ಮಕ್ಕಳು ಜೊತೆಗಿದ್ದಾರೆ ಅಂದರೆ ಜನವರಿಯಲ್ಲಿ ಸಕಲೇಶಪುರ, ಆನೆಯ ವಿಷಯ ಕೇಳಿಕೊಂಡು. ಅಪ್ಪ ಅಮ್ಮನನ್ನು ಕರೆದುಕೊಂಡು ನಿಧಾನವಾಗಿ ಹೋಗುವುದಾದರೆ ದಕ್ಷಿಣ ಕೊಡಗು. ಒಂದು ಸಲ ತೋಟ ನೋಡಿ ಮನಸ್ಸು ಅಂಟಿಕೊಂಡವರಿಗೂ ಅದೇ, ಆದರೆ ಹೂವಿನ ಕಾಲದಲ್ಲಿ.

ನಮ್ಮ ಮನೆಯಲ್ಲಿ ಈಗ ಅದೇ ರೂಢಿಯಾಗಿದೆ. ಅಮ್ಮತ್ತಿ ಕಡೆಯ ಒಂದು ಮನೆಯವರು ಸ್ಪ್ರಿಂಕ್ಲರ್ ಹಾಕಿದ ದಿನವೋ, ಹೂಮಳೆ ಬಿದ್ದ ದಿನವೋ ಅಮ್ಮನಿಗೆ ಫೋನ್ ಮಾಡುತ್ತಾರೆ. ಅಮ್ಮ ಕ್ಯಾಲೆಂಡರಿನಲ್ಲಿ ಎಂಟು ದಿನ ಎಣಿಸಿ ಗುರುತು ಹಾಕಿಡುತ್ತಾರೆ. ಆ ದಿನಕ್ಕೆ ಬಸ್ಸಿನ ಟಿಕೆಟ್ ತೆಗೆಸುವುದು ನನ್ನ ಕೆಲಸ.